ಎರಡು ನ್ಯಾನೊಮೀಟರೋ, ಹತ್ತೋ? ಹೊಗೆ ಅನಿಲ ಸುಡುವ ಲೋಹದ ಕಣಗಾತ್ರ ಆರಿಸುವ ಬಗೆ

ವೇಗವರ್ಧಕ ಮಾರುವವರ ಮಾಹಿತಿ ಹಾಳೆಯಲ್ಲಿ ದಪ್ಪಕ್ಷರದ ಸಾಲು ಸಾಮಾನ್ಯವಾಗಿ ಒಂದೇ: ಪ್ಲಾಟಿನಂ ಕಣಗಾತ್ರ 2 ನ್ಯಾನೊಮೀಟರ್. ಸಂಶೋಧನಾ ಪ್ರಬಂಧಗಳಲ್ಲೂ ಅದೇ ಹೆಮ್ಮೆ. ಸಂಖ್ಯೆ ಸುಳ್ಳಲ್ಲ, ಆದರೆ ಅದು ಡಬ್ಬಿ ತೆರೆದ ದಿನದ ಗಾತ್ರ. ಬೀದರಿನ ಕೊಳಾರದಲ್ಲೋ ಯಾದಗಿರಿಯ ಕಡೇಚೂರಿನಲ್ಲೋ ಔಷಧ ಕಾರ್ಖಾನೆಯ ದ್ರಾವಕದ ಆವಿ ಸುಡಲು ಅದನ್ನು ಕೂರಿಸಿದಿರಿ ಎನ್ನಿ. ನೂರು ಗಂಟೆ ಓಡಿದ ಮೇಲೆ ಆ ಕಣ ಎಷ್ಟು ದೊಡ್ಡದಾಗಿರುತ್ತದೆ? ಆ ಗಾತ್ರದಲ್ಲಿ ನಿಮ್ಮ ಅನಿಲದ ಮೇಲೆ ಹೇಗೆ ದುಡಿಯುತ್ತದೆ? ಆಯ್ಕೆ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ. ಕಾರ್ಖಾನೆಗೆ ವೇಗವರ್ಧಕ ಕೊಳ್ಳಬೇಕಾದ ಎಂಜಿನಿಯರಿಗೂ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಇದನ್ನು ತಯಾರಿಸಿ ಅಳೆಯಹೊರಟ ವಿದ್ಯಾರ್ಥಿಗೂ ಪ್ರಶ್ನೆ ಇದೇ. ಮುಂದೆ ಬರುವ ಉಷ್ಣತೆಗಳೆಲ್ಲ ಸೆಲ್ಸಿಯಸ್ ಲೆಕ್ಕದವು.

ಆಳು ಎಷ್ಟು, ಆಳಿಗೆ ಎಷ್ಟು ಕೆಲಸ

ಬಿದರಿ ಹೂಜಿಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿದಾಗ ಕಪ್ಪಾಗುವುದು ಸತುವಿನ ಮಿಶ್ರಲೋಹದ ಮೇಲ್ಪದರ ಮಾತ್ರ. ಒಳಗಿನ ಲೋಹಕ್ಕೆ ಅದರ ಸುದ್ದಿಯೇ ಇಲ್ಲ. ವೇಗವರ್ಧನೆಯೂ ಹಾಗೆ ಬರೀ ಹೊರಮೈಯ ಕೆಲಸ. 2 ನ್ಯಾನೊಮೀಟರಿನ ಪ್ಲಾಟಿನಂ ಕಣದಲ್ಲಿ ಸುಮಾರು 280 ಪರಮಾಣುಗಳಿರುತ್ತವೆ, ಅರ್ಧಕ್ಕಿಂತ ಹೆಚ್ಚು ಹೊರಗೇ ಕೂತಿರುತ್ತವೆ. 10 ನ್ಯಾನೊಮೀಟರಿನ ಕಣದಲ್ಲಿ ಸುಮಾರು 35 ಸಾವಿರ ಪರಮಾಣುಗಳು, ಹೊರಗಿರುವುದು ಒಂಬತ್ತರಲ್ಲಿ ಒಂದು. ಉಳಿದ ಎಂಟಕ್ಕೂ ದುಡ್ಡು ಕೊಟ್ಟಿದ್ದೀರಿ, ಅವು ಕೆಲಸಕ್ಕಿಲ್ಲ. ಪ್ಲಾಟಿನಂಗೆ ಬಾಯಿಲೆಕ್ಕ ಸುಲಭ: 1.13 ಅನ್ನು ನ್ಯಾನೊಮೀಟರಿನ ಗಾತ್ರದಿಂದ ಭಾಗಿಸಿದರೆ ಹೊರಗಿರುವ ಪಾಲು ಸಿಗುತ್ತದೆ.

| ಗಾತ್ರ, ನ್ಯಾನೊಮೀಟರ್ | ಹೊರಗಿನ ಪರಮಾಣು, ಶೇಕಡಾ | ಒಂದು ಗ್ರಾಂ ಪ್ಲಾಟಿನಂನ ಮೇಲ್ಮೈ, ಚದರ ಮೀಟರ್ | ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳಿನ ಗಾತ್ರ ಅಳೆಯುವ ಪರೀಕ್ಷೆ) ಶೃಂಗದ ಅಗಲ, ಕೋನದ ಡಿಗ್ರಿ |
|---|---|---|---|
| 2 | 56 | 140 | 4.2 |
| 5 | 23 | 56 | 1.7 |
| 10 | 11 | 28 | 0.84 |
| 20 | 6 | 14 | 0.42 |

ಇಷ್ಟನ್ನೇ ನೋಡಿದರೆ ಸಣ್ಣದೇ ಗೆದ್ದಂತೆ. ಆದರೆ ತೊಗರಿ ಕಟಾವಿಗೆ ಎಷ್ಟು ಆಳು ಬಂದರು ಎನ್ನುವುದು ಒಂದು ಲೆಕ್ಕ, ಒಬ್ಬೊಬ್ಬರು ಎಷ್ಟು ಸಾಲು ಕೊಯ್ದರು ಎನ್ನುವುದು ಇನ್ನೊಂದು. ಒಂದು ಮೇಲ್ಮೈ ಪರಮಾಣು ಒಂದು ಸೆಕೆಂಡಿಗೆ ಎಷ್ಟು ಅಣುಗಳನ್ನು ಮುಗಿಸುತ್ತದೆ ಎಂಬ ಎರಡನೆಯ ಲೆಕ್ಕಕ್ಕೆ ಟರ್ನೋವರ್ ಎನ್ನುತ್ತಾರೆ. ಕೆಲವು ಕ್ರಿಯೆಗಳಲ್ಲಿ ಗಾತ್ರ ಬದಲಾದರೂ ಟರ್ನೋವರ್ ಕದಲುವುದಿಲ್ಲ. ಕೆಲವದರಲ್ಲಿ ಕಣ ದೊಡ್ಡದಾದಷ್ಟೂ ಏರುತ್ತದೆ, ಏಕೆಂದರೆ ಸಣ್ಣ ಕಣದಲ್ಲಿ ಮೂಲೆ, ಅಂಚುಗಳ ಪರಮಾಣುಗಳೇ ಹೆಚ್ಚು. ನೆರೆಹೊರೆ ಕಡಿಮೆಯಿರುವ ಆ ಪರಮಾಣುಗಳು ಬಂದ ಅಣುವನ್ನು ಬಿಗಿಯಾಗಿ ಹಿಡಿದು ಬಿಡುವುದೇ ಇಲ್ಲ. ಗಾತ್ರ ಎರಡು ಪಟ್ಟಾದರೆ ಆಳುಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಆಳಿನ ಕೆಲಸ ಎರಡು ಪಟ್ಟಿಗಿಂತ ಹೆಚ್ಚು ಏರಿದರೆ ಮಾತ್ರ ದೊಡ್ಡ ಕಣ ಲಾಭ. ಮುಂದಿನ ಪ್ರತಿ ಅನಿಲಕ್ಕೂ ಈ ತಕ್ಕಡಿಯನ್ನೇ ಹಿಡಿಯಬೇಕು.

ಎರಡು ಲೆಕ್ಕ ಕಲಸಿಹೋದರೆ ಏನಾಗುತ್ತದೆ ನೋಡಿ. ನಿಮಿಷಕ್ಕೆ 100 ಮಿಲಿಲೀಟರ್ ಅನಿಲ, ಅದರಲ್ಲಿ ಶೇ. 1 ಕಾರ್ಬನ್ ಮಾನಾಕ್ಸೈಡ್. ಅಂದರೆ ಕೋಣೆಯ ಉಷ್ಣತೆಯಲ್ಲಿ ನಿಮಿಷಕ್ಕೆ ಸುಮಾರು 41 ಮೈಕ್ರೋಮೋಲ್. ಶೇ. 1 ಪ್ಲಾಟಿನಂ ಇರುವ 0.1 ಗ್ರಾಂ ಪುಡಿಯಲ್ಲಿ 5.1 ಮೈಕ್ರೋಮೋಲ್ ಲೋಹವಿದೆ. ಪರಿವರ್ತನೆ ಶೇ. 10 ಬಂತು. ಕಣ 2 ನ್ಯಾನೊಮೀಟರಾದರೆ ಟರ್ನೋವರ್ ಸೆಕೆಂಡಿಗೆ 0.024, 10 ನ್ಯಾನೊಮೀಟರಾದರೆ 0.12. ಒಂದೇ ಶೇ. 10, ಐದು ಪಟ್ಟು ಅಂತರ. ಕಾರ್ಖಾನೆಯವರಿಗೆ ಎರಡೂ ಒಂದೇ, ಅವರು ಕೊಡುವುದು ಗ್ರಾಂ ಲೆಕ್ಕದ ದುಡ್ಡು. ವಿದ್ಯಾರ್ಥಿಗೆ ಎರಡೂ ಬೇರೆ. ಪ್ರಬಂಧ ಓದುವಾಗ ಯಾವ ಲೆಕ್ಕ ಬರೆದಿದ್ದಾರೆ ಎಂದು ಮೊದಲು ನೋಡಿಕೊಳ್ಳಿ.

ಕಾರ್ಬನ್ ಮಾನಾಕ್ಸೈಡ್

ಕಡಿಮೆ ಉಷ್ಣತೆಯಲ್ಲಿ ಪ್ಲಾಟಿನಂ ಮೇಲೆ ಈ ಅನಿಲ ಶರಣಬಸವೇಶ್ವರ ಜಾತ್ರೆಯ ದಿನದ ಬಸ್ಸಿನಂತೆ ತುಂಬಿಕೊಳ್ಳುತ್ತದೆ. ಇಳಿಯುವವರಿಲ್ಲ, ಹಾಗಾಗಿ ಆಮ್ಲಜನಕಕ್ಕೆ ಹತ್ತಲು ಜಾಗವಿಲ್ಲ. 150 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಅಣುಗಳು ಇಳಿಯತೊಡಗಿದ ಮೇಲೆಯೇ ಕ್ರಿಯೆ ಹತ್ತಿಕೊಳ್ಳುವುದು. ಹೀಗೆ ಮೇಲ್ಮೈ ತುಂಬಿದ ಸ್ಥಿತಿಯಲ್ಲಿ ಅಲ್ಯೂಮಿನಾ, ಸಿಲಿಕಾಗಳಂಥ ಆಧಾರದ (ಲೋಹದ ಕಣಗಳನ್ನು ಹೊತ್ತಿರುವ ಆಕ್ಸೈಡ್ ಪುಡಿ) ಮೇಲಿನ ಪ್ಲಾಟಿನಂಗೆ ಟರ್ನೋವರ್ ಗಾತ್ರದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಇಲ್ಲಿ ಸಣ್ಣದು ನೇರ ಲಾಭ: ಆಳು ಹೆಚ್ಚು, ಕೆಲಸ ಹೆಚ್ಚು.

ಆಧಾರ ಸೀರಿಯಾ (ಸೀರಿಯಂ ಆಕ್ಸೈಡ್) ಆದರೆ ಲಾಭ ಇನ್ನೂ ದೊಡ್ಡದು. ಸೀರಿಯಾ ತನ್ನ ಆಮ್ಲಜನಕವನ್ನೇ ಸಾಲ ಕೊಡುತ್ತದೆ. ಆ ಕೊಡುಕೊಳ್ಳುವಿಕೆ ನಡೆಯುವುದು ಲೋಹ ಮತ್ತು ಆಧಾರ ಕೂಡುವ ಗೆರೆಯಲ್ಲಿ. ಮೇಲ್ಮೈ ಗಾತ್ರಕ್ಕೆ ವಿಲೋಮವಾದರೆ ಈ ಗೆರೆಯ ಉದ್ದ ಗಾತ್ರದ ವರ್ಗಕ್ಕೆ ವಿಲೋಮ. 4 ನ್ಯಾನೊಮೀಟರಿನಿಂದ 2ಕ್ಕೆ ಇಳಿದರೆ ಮೇಲ್ಮೈ ಎರಡು ಪಟ್ಟು, ಅಂಚು ನಾಲ್ಕು ಪಟ್ಟು. ನಿಕಲ್, ಪಲ್ಲಾಡಿಯಂ, ಪ್ಲಾಟಿನಂ ಮೂರರಲ್ಲೂ ಒಂದೇ ಅಳತೆಯ ಕಣಗಳನ್ನು ಮಾಡಿ ಈ ಅಂಚಿನ ಲೆಕ್ಕವನ್ನು 2013ರಲ್ಲಿ ತೋರಿಸಿದ್ದಾರೆ. ಅಲ್ಯೂಮಿನಾ ಮೇಲೆ ಅದೇ ಕಣಗಳಿಗೆ ಅಂಥ ಓಟ ಇರಲಿಲ್ಲ. ಕಣಗಾತ್ರದ ಮಾತು ಆಡುವಾಗ ಆಧಾರದ ಹೆಸರು ಬಿಟ್ಟರೆ ಮಾತು ಅರ್ಧವೇ ಆಗುತ್ತದೆ.

ಚಿನ್ನದ ಕತೆಯೇ ಬೇರೆ. ಗಟ್ಟಿ ಚಿನ್ನ ಯಾವ ಅನಿಲಕ್ಕೂ ಜಪ್ಪಯ್ಯ ಎನ್ನುವುದಿಲ್ಲ. ಅದೇ ಚಿನ್ನವನ್ನು ಕೆಲವೇ ನ್ಯಾನೊಮೀಟರಿಗೆ ಇಳಿಸಿ ಲೋಹದ ಆಕ್ಸೈಡಿನ ಮೇಲೆ ಕೂರಿಸಿದರೆ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಕಾರ್ಬನ್ ಮಾನಾಕ್ಸೈಡನ್ನು ಸುಡುತ್ತದೆ ಎಂದು ಜಪಾನಿನ ಮಸತಾಕೆ ಹರುತ 1987ರಲ್ಲಿ ಪ್ರಕಟಿಸಿದರು. 1998ರಲ್ಲಿ ಅಮೆರಿಕದ ಟೆಕ್ಸಾಸಿನ ತಂಡವೊಂದು ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಮೇಲಿನ ಚಿನ್ನಕ್ಕೆ ಶಿಖರ ಸುಮಾರು 3.5 ನ್ಯಾನೊಮೀಟರಿನಲ್ಲಿ, ಎರಡು ಪರಮಾಣು ದಪ್ಪದ ಕಣಗಳಲ್ಲಿ ಇದೆ ಎಂದು ತೋರಿಸಿತು. ವ್ಯವಹಾರದ ಮಾತಿನಲ್ಲಿ 2ರಿಂದ 5 ನ್ಯಾನೊಮೀಟರ್ ಚಿನ್ನದ ಕಿಟಕಿ. 10 ದಾಟಿದರೆ ಅದು ಮತ್ತೆ ಆಭರಣವೇ. ಕಿಟಕಿ ಕಿರಿದು ಎನ್ನುವುದೇ ಇದರ ತೊಂದರೆ. ಪ್ಲಾಟಿನಂ ಎರಡು ಪಟ್ಟು ದಪ್ಪವಾದರೆ ಅರ್ಧ ಕೆಲಸವಾದರೂ ಉಳಿಯುತ್ತದೆ, ಚಿನ್ನ ಮೂರು ಪಟ್ಟಾದರೆ ಏನೂ ಉಳಿಯುವುದಿಲ್ಲ.

ಒಂಟಿ ಪರಮಾಣುಗಳ ವೇಗವರ್ಧಕ ಈಚಿನ ಆಕರ್ಷಣೆ. ಕಬ್ಬಿಣದ ಆಕ್ಸೈಡ್ ಮೇಲೆ ಒಂಟೊಂಟಿ ಪ್ಲಾಟಿನಂ ಪರಮಾಣುಗಳನ್ನು ಕೂರಿಸಿ ಚೀನಾದ ಝಾಂಗ್ ಟಾವ್ ಮತ್ತು ಸಂಗಡಿಗರು 2011ರಲ್ಲಿ ಇದೇ ಅನಿಲದ ಮೇಲೆ ಪ್ರಯೋಗಿಸಿದರು. ಒಂದೂ ಪರಮಾಣು ಒಳಗೆ ಕೂತು ವ್ಯರ್ಥವಾಗುವುದಿಲ್ಲ, ನಿಜ. ಆದರೆ ಸೀರಿಯಾಕ್ಕೆ ಕಚ್ಚಿಕೊಂಡ ಒಂಟಿ ಪ್ಲಾಟಿನಂ ಅಯಾನು ಗಟ್ಟಿಯಾಗಿ ಕೂರುವುದರಿಂದ ಕಡಿಮೆ ಉಷ್ಣತೆಯಲ್ಲಿ ಸೋಮಾರಿ. ಅದನ್ನು ಎಚ್ಚರಿಸಲು 750 ಡಿಗ್ರಿಯ ಹಬೆ ಕೊಡಬೇಕಾಯಿತು. ಪ್ರಯೋಗಾಲಯದ ವಿಷಯವಾಗಿ ಒಳ್ಳೆಯದು, ಚಿಮಣಿಗೆ ಕೊಳ್ಳುವ ಸರಕಾಗಿ ಸದ್ಯಕ್ಕೆ ಬೇಡ.

ನೈಟ್ರಿಕ್ ಆಕ್ಸೈಡ್: ದೊಡ್ಡದು ಗೆಲ್ಲುವ ಜಾಗ

ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುವ ಕ್ರಿಯೆಯಲ್ಲಿ ತಕ್ಕಡಿ ತಿರುಗುತ್ತದೆ. ಆಮ್ಲಜನಕ ಧಾರಾಳವಾಗಿರುವ ಹೊಗೆಯಲ್ಲಿ ಸಣ್ಣ ಪ್ಲಾಟಿನಂ ಕಣ ಬೇಗ ಆಕ್ಸೈಡ್ ಆಗುತ್ತದೆ, ಅದರ ಮೇಲೆ ಆಮ್ಲಜನಕ ಬಿಗಿಯಾಗಿ ಕೂರುತ್ತದೆ, ಹೊಸ ಅಣು ಬಂದು ಕೂರಲು ಖಾಲಿ ಜಾಗ ಸಿಗುವುದಿಲ್ಲ. ದೊಡ್ಡ ಕಣ ಲೋಹವಾಗಿಯೇ ಉಳಿಯುತ್ತದೆ. 1 ನ್ಯಾನೊಮೀಟರಿನಿಂದ 8ರ ಕಡೆಗೆ ಹೋದಂತೆ ಟರ್ನೋವರ್ ಹಲವು ಪಟ್ಟು ಏರುತ್ತದೆ.

ಇದರಿಂದ ಒಂದು ವಿಚಿತ್ರ ಕಾಣಿಸಿಕೊಳ್ಳುತ್ತದೆ. 650 ಡಿಗ್ರಿಯಲ್ಲಿ ಕಾಯಿಸಿ ಹಳತಾಗಿಸಿದ ಮಾದರಿ ಹೊಸದಕ್ಕಿಂತ ಹೆಚ್ಚು ನೈಟ್ರೋಜನ್ ಡೈಆಕ್ಸೈಡ್ ಕೊಡುತ್ತದೆ. ಮೊದಲ ಸಲ ನೋಡಿದವರು ಉಪಕರಣ ಕೆಟ್ಟಿದೆ ಎಂದುಕೊಂಡು ಮಾದರಿಯನ್ನು ಎಸೆಯುತ್ತಾರೆ. ಎಸೆಯಬೇಡಿ, ಕಣಗಾತ್ರ ಅಳೆಯಿರಿ. ಏರಿಕೆಗೆ ಮಿತಿಯೂ ಇದೆ. ಒಂದು ಹಂತದ ಆಚೆ ಆಳುಗಳು ಕಡಿಮೆಯಾದದ್ದೇ ಗೆಲ್ಲುತ್ತದೆ. ಇನ್ನು 350–400 ಡಿಗ್ರಿಯ ಮೇಲೆ ಸಮತೋಲನವೇ (ಆದ ಡೈಆಕ್ಸೈಡ್ ಮತ್ತೆ ಒಡೆದು ಹಿಂದಕ್ಕೆ ಹೋಗುವುದು) ಈ ಕ್ರಿಯೆಗೆ ಅಡ್ಡ ನಿಲ್ಲುತ್ತದೆ, ಅಲ್ಲಿ ಯಾವ ಗಾತ್ರವೂ ಏನೂ ಮಾಡಲಾರದು.

ಈ ಕ್ರಿಯೆ ನಿಮಗೆ ಬೇಕೋ ಬೇಡವೋ ಎಂಬುದನ್ನೂ ಕೇಳಿಕೊಳ್ಳಿ. ಮುಂದೆ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ಸುಡುವ ಮಿತ್ರ. ಫಿಲ್ಟರ್ ಇಲ್ಲದೆ ಆಸ್ಪತ್ರೆ, ಹಾಸ್ಟೆಲ್ ಹಿಂದೆ ನಿಂತ ಡೀಸೆಲ್ ಜನರೇಟರಿನ ಕೊಳವೆಗೆ ಬರೀ ಪ್ಲಾಟಿನಂ ಹಾಕಿದರೆ ಹೊರಬರುವುದು ಮೊದಲಿಗಿಂತ ಹೆಚ್ಚು ವಿಷಕಾರಿಯಾದ ಕಂದು ಅನಿಲ. ಅಂಥಲ್ಲಿ ಪಲ್ಲಾಡಿಯಂ ಪಾಲು ಹೆಚ್ಚಿಸಿದ ಮಿಶ್ರಕಣ ಮೇಲು. ಪಲ್ಲಾಡಿಯಂ ಬೆರೆತರೆ ಪ್ಲಾಟಿನಂ ಕಣ ಬೆಳೆಯುವುದೂ ನಿಧಾನವಾಗುತ್ತದೆ.

ಮೀಥೇನ್ ಬಗ್ಗೆ ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ಅದಕ್ಕೆ ಬೇಕಾದ್ದು ಪಲ್ಲಾಡಿಯಂ, ದುಡಿಯುವುದು ಪಲ್ಲಾಡಿಯಂ ಆಕ್ಸೈಡ್. ಗಾತ್ರದ ಪರಿಣಾಮದ ಬಗ್ಗೆ ಪ್ರಬಂಧಗಳು ಒಂದನ್ನೊಂದು ಒಪ್ಪುವುದಿಲ್ಲ. ಆದರೆ 450 ಡಿಗ್ರಿಗಿಂತ ಕೆಳಗೆ ನೀರಾವಿ ಅದನ್ನು ಬಲವಾಗಿ ತಡೆಯುತ್ತದೆ ಎಂಬುದರಲ್ಲಿ ಜಗಳವಿಲ್ಲ. ಒಣ ಅನಿಲದಲ್ಲಿ ಮಾಡಿದ ಪರೀಕ್ಷೆಯ ಅಂಕಿ ಹಿಡಿದು ಬಯೋಗ್ಯಾಸ್ ಎಂಜಿನ್ನಿಗೆ ವೇಗವರ್ಧಕ ಆರಿಸಬೇಡಿ.

ದ್ರಾವಕದ ಆವಿ, ಮತ್ತು ಹಾಸಿಗೆಯ ಬಿಸಿ

ಕೊಳಾರ, ಕಡೇಚೂರುಗಳಂಥ ಕಡೆ ಪ್ರಶ್ನೆ ಹೆಚ್ಚಾಗಿ ಟಾಲ್ಯೂಯಿನ್, ಮೆಥನಾಲ್, ಐಸೊಪ್ರೊಪೈಲ್ ಆಲ್ಕೊಹಾಲ್, ಈಥೈಲ್ ಅಸಿಟೇಟ್‌ಗಳದು. ಇವುಗಳಿಗೆ ಅಲ್ಯೂಮಿನಾ ಮೇಲಿನ ಪ್ಲಾಟಿನಂ ಹಳೆಯ, ನಂಬಿಕಸ್ಥ ಆಯ್ಕೆ. ಟಾಲ್ಯೂಯಿನ್‌ನ ಉಂಗುರ ಕೂರಲು ಅಕ್ಕಪಕ್ಕದ ಹಲವು ಪರಮಾಣುಗಳ ಸಪಾಟು ಜಾಗ ಬೇಕು. 1 ನ್ಯಾನೊಮೀಟರಿನ ಕಣದಲ್ಲಿ ಅಂಥ ಜಾಗವೇ ಇಲ್ಲ. 3ರಿಂದ 6 ನ್ಯಾನೊಮೀಟರ್ ಇಲ್ಲಿಗೆ ಹೊಂದುವ ಗಾತ್ರ. ಇದಕ್ಕೆ ಇನ್ನೊಂದು ಕಾರಣ ಉಷ್ಣ, ಅದನ್ನು ಬಿಡಿಸಿ ಹೇಳಬೇಕು.

ಸುರಕ್ಷತೆಗಾಗಿ ಆವಿಯ ಸಾಂದ್ರತೆಯನ್ನು ಹೊತ್ತಿಕೊಳ್ಳುವ ಕೆಳಮಿತಿಯ ನಾಲ್ಕನೇ ಒಂದರೊಳಗೆ ಇಡುವುದು ರೂಢಿ. ಟಾಲ್ಯೂಯಿನ್‌ಗೆ ಆ ಕೆಳಮಿತಿ ಸುಮಾರು ಶೇ. 1.1, ನಾಲ್ಕನೇ ಒಂದು ಎಂದರೆ ಸುಮಾರು 2,750 ಪಿಪಿಎಂ (ಹತ್ತು ಲಕ್ಷ ಪಾಲಿಗೆ 2,750 ಪಾಲು). ಅಷ್ಟೂ ಉರಿದರೆ ಅನಿಲದ ಉಷ್ಣತೆ 340–350 ಡಿಗ್ರಿ ಏರುತ್ತದೆ. 250ಕ್ಕೆ ಒಳಹೋದ ಗಾಳಿ 600ರ ಹತ್ತಿರ ಹೊರಬರುತ್ತದೆ. ನೀವು ಒಳಬಾಗಿಲಿನ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ನೋಡಿ "ನಮ್ಮದು 250 ಡಿಗ್ರಿಯ ಕೆಲಸ" ಎಂದುಕೊಂಡಿರುತ್ತೀರಿ, ಹಾಸಿಗೆಯ, ಅಂದರೆ ಅನಿಲ ಹಾದುಹೋಗುವ ವೇಗವರ್ಧಕದ ತುಂಬಿನ, ಹಿಂಬದಿಯ ಪ್ಲಾಟಿನಂ 600ರಲ್ಲಿ ಕೂತಿರುತ್ತದೆ. ರಿಯಾಕ್ಟರ್ ಖಾಲಿ ಮಾಡುವ ಹೊತ್ತಿನಲ್ಲಿ ಬರುವ ಆವಿಯ ಅಲೆ ಇದಕ್ಕಿಂತ ಕೆಟ್ಟದ್ದು. ಸರಾಸರಿ ಸಾಂದ್ರತೆ ನೋಡಿ ಗಾತ್ರ ಆರಿಸಿದವರು ಸೋಲುವುದು ಇಲ್ಲೇ.

ಲೋಹದ ಪರಮಾಣುಗಳು ಯಾವಾಗ ಓಡಾಡತೊಡಗುತ್ತವೆ ಎನ್ನಲು ಒರಟು ಅಳತೆಯೊಂದಿದೆ: ಕರಗುವ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಬರೆದು ಅರ್ಧ ಮಾಡುವುದು. ಪ್ಲಾಟಿನಂಗೆ ಅದು 747 ಡಿಗ್ರಿ, ಪಲ್ಲಾಡಿಯಂಗೆ 641, ಚಿನ್ನಕ್ಕೆ 395, ಬೆಳ್ಳಿಗೆ 344. ನ್ಯಾನೊ ಕಣದಲ್ಲಿ ಓಡಾಟ ಇದಕ್ಕಿಂತ ಮೊದಲೇ ಶುರು. ಕಣಗಳು ಬೆಳೆಯುವ ದಾರಿ ಎರಡು. ಒಂದು, ಕಣವೇ ಜಾರಿ ಪಕ್ಕದ್ದಕ್ಕೆ ಅಂಟಿಕೊಳ್ಳುವುದು. ಇನ್ನೊಂದು, ಸಣ್ಣ ಕಣದಿಂದ ಪರಮಾಣುಗಳು ಬಿಡಿಬಿಡಿಯಾಗಿ ಕಳಚಿ ದೊಡ್ಡದಕ್ಕೆ ಸೇರುವುದು. ಗಾಳಿಯಲ್ಲಿ ತುಂಬಾ ಕಾದ ಪ್ಲಾಟಿನಂ ಆವಿಯಾಗುವ ಆಕ್ಸೈಡ್ ರೂಪದಲ್ಲಿ ಹೀಗೆ ಪ್ರಯಾಣ ಮಾಡುತ್ತದೆ. ಎರಡನೆಯ ದಾರಿಯಲ್ಲಿ ಮೊದಲು ಕರಗಿಹೋಗುವುದು ಅತಿ ಸಣ್ಣ ಕಣಗಳೇ. ಹಾಗಾಗಿ 600 ಡಿಗ್ರಿಯ ಹಾಸಿಗೆಗೆ 1.5 ನ್ಯಾನೊಮೀಟರಿನ ಕಣಕ್ಕೆಂದು ಹೆಚ್ಚು ಬೆಲೆ ತೆರುವುದು ಕೆಲವು ದಿನಗಳ ಸುಖ. ಎಲ್ಲವೂ ಒಂದೇ ಅಳತೆಯ 4 ನ್ಯಾನೊಮೀಟರ್ ಇದ್ದರೆ ಅದು ಹೆಚ್ಚು ದಿನ ನಿಲ್ಲುತ್ತದೆ. 1 ಮತ್ತು 8 ಬೆರೆತು ಸರಾಸರಿ 4 ಇದ್ದರೆ ನಿಲ್ಲುವುದಿಲ್ಲ.

ಇನ್ನೊಂದು ಗುಟ್ಟು ಮಾರುವವರು ಹೇಳುವುದಿಲ್ಲ. ಜೇನುಗೂಡಿನಾಕಾರದ ಸೆರಾಮಿಕ್ ಇಟ್ಟಿಗೆಯಲ್ಲಿ ಕ್ರಿಯೆ ಪೂರ್ತಿ ಹತ್ತಿಕೊಂಡ ಮೇಲೆ, 350 ಡಿಗ್ರಿ ಎನ್ನಿ, ವೇಗ ನಿರ್ಧರಿಸುವುದು ಲೋಹವಲ್ಲ. ಅನಿಲ ಗಾಳಿಯ ಹರಿವಿನಿಂದ ಗೋಡೆಗೆ ತಲುಪುವ ವೇಗ ಅದನ್ನು ನಿರ್ಧರಿಸುತ್ತದೆ. ಆ ಘಟ್ಟದಲ್ಲಿ 2 ಮತ್ತು 8 ನ್ಯಾನೊಮೀಟರಿನ ವ್ಯತ್ಯಾಸ ಹೊರಗಿನ ಅಳತೆಯಲ್ಲಿ ಕಾಣುವುದೇ ಇಲ್ಲ. ಅಲ್ಲಿ ಬೇಕಾದ್ದು ಹೆಚ್ಚು ರಂಧ್ರಗಳ ಇಟ್ಟಿಗೆ ಅಥವಾ ಉದ್ದದ ಇಟ್ಟಿಗೆ. ಸಣ್ಣ ಕಣಕ್ಕೆ ದುಡ್ಡು ಕೊಡುವುದು ಒಳಬರುವ ಅನಿಲ ತಣ್ಣಗಿದ್ದು ಹೊತ್ತಿಕೊಳ್ಳುವ ಉಷ್ಣತೆಯನ್ನೇ ಕೆಳಗೆ ತರಬೇಕಾದಾಗ ಮಾತ್ರ.

ಡೈಕ್ಲೋರೊಮೀಥೇನ್ ಬೆರೆತಿದ್ದರೆ ಕಣಗಾತ್ರದ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ. ಕ್ಲೋರಿನ್ ಪ್ಲಾಟಿನಂ, ಪಲ್ಲಾಡಿಯಂಗಳ ಮೇಲೆ ಕೂತು ಕೆಲಸ ಕೆಡಿಸುತ್ತದೆ, ಹೊರಗೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಸ್ಟೇನ್‌ಲೆಸ್ ಕೊಳವೆ ತೂತು ಬೀಳುತ್ತದೆ. ಹಿಂದೆ ಕ್ಷಾರದ ನೀರಿನಿಂದ ಅನಿಲ ತೊಳೆಯುವ ಸ್ಕ್ರಬ್ಬರ್ ಬೇಕು, ಇಲ್ಲವೇ ಆ ಆವಿಯನ್ನು ಮೊದಲೇ ತಂಪುಗೊಳಿಸಿ ಬೇರ್ಪಡಿಸಬೇಕು. ಟ್ರೈಈಥೈಲಮೀನ್, ಡೈಮಿಥೈಲ್ ಫಾರ್ಮಮೈಡ್‌ಗಳಲ್ಲಿ ಸಾರಜನಕವಿದೆ. ಅವು ಉರಿದರೆ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ನೊರೆ ತಡೆಯಲು ಬಳಸುವ ಸಿಲಿಕೋನ್ ಎಣ್ಣೆ ಆವಿಯಾಗಿ ಬಂದರೆ ಕಣಗಳ ಮೇಲೆ ಸಿಲಿಕಾ ಹೊದಿಕೆ ಹಾಸುತ್ತದೆ. ಕಣ ಎಷ್ಟೇ ಸಣ್ಣದಿರಲಿ, ಹೊದಿಕೆಯ ಕೆಳಗೆ ಅದು ಸತ್ತಂತೆ, ಕಾಯಿಸಿದರೂ ಏಳುವುದಿಲ್ಲ.

ಗಂಧಕ, ಧೂಳು, ಸಿಮೆಂಟ್ ಗೂಡು

ವಾಡಿ, ಶಹಾಬಾದ, ಮಳಖೇಡದ ಕಡೆಯ ಸುಣ್ಣಕಲ್ಲಿನ ಪಟ್ಟಿಯಲ್ಲಿ ಸಹಜವಾಗಿ ಏಳುವ ಪ್ರಶ್ನೆ: ಸಿಮೆಂಟ್ ಗೂಡಿನ ನೈಟ್ರೋಜನ್ ಆಕ್ಸೈಡ್‌ಗೆ ಈ ನ್ಯಾನೊ ಲೋಹಗಳು ಆದಾವೇ? ನಮ್ಮ ಉತ್ತರ ಇಲ್ಲ. ಪ್ರೀಹೀಟರ್ (ಕಚ್ಚಾ ಪುಡಿಯನ್ನು ಮೊದಲೇ ಕಾಯಿಸುವ ಗೋಪುರ) ದಾಟಿ ಬರುವ ಅನಿಲ 300–350 ಡಿಗ್ರಿಯಲ್ಲಿದ್ದರೂ ಘನಮೀಟರಿಗೆ ಹತ್ತಾರು ಗ್ರಾಂ ಧೂಳು ಹೊತ್ತಿರುತ್ತದೆ. ಸುಣ್ಣ, ಪೊಟ್ಯಾಸಿಯಂ, ಗಂಧಕ ಎಲ್ಲ ಅದರಲ್ಲಿವೆ. ಕೋಟಿ ರೂಪಾಯಿಯ ಲೋಹ ಕೂರಿಸುವ ಜಾಗವಲ್ಲ ಅದು. 850–1050 ಡಿಗ್ರಿಯ ವಲಯಕ್ಕೆ ಅಮೋನಿಯಾ ಅಥವಾ ಯೂರಿಯಾ ದ್ರಾವಣ ಸಿಂಪಡಿಸುವುದು ಅಲ್ಲಿಯ ದಾರಿ. ಅದಕ್ಕೂ ಮೇಲೆ ಬೇಕಾದರೆ ಟೈಟಾನಿಯಾ ಮೇಲಿನ ವೆನೇಡಿಯಂ ಆಕ್ಸೈಡ್ ಇದೆ, ಅದು ಗಂಧಕವನ್ನು ತಾಳುತ್ತದೆ.

ಗಂಧಕದ ಡೈಆಕ್ಸೈಡ್ ಪಲ್ಲಾಡಿಯಂಗೆ ಪ್ಲಾಟಿನಂಗಿಂತ ದೊಡ್ಡ ಶತ್ರು. ಪ್ಲಾಟಿನಂ ಅದನ್ನು ಟ್ರೈಆಕ್ಸೈಡ್ ಮಾಡಿ ಸಾಗಿಸಿಬಿಡುತ್ತದೆ, ಆದರೆ ಅದು ಅಲ್ಯೂಮಿನಾಕ್ಕೆ ತಗುಲಿ ಸಲ್ಫೇಟ್ ಆಗುತ್ತದೆ. ಜನರೇಟರಿಗೆ ಈಗಿನ ಬಿಎಸ್-6 ಡೀಸೆಲ್ ಹಾಕಿದರೆ ಗಂಧಕ 10 ಪಿಪಿಎಂ ಮಾತ್ರ, ಚಿಂತೆಯಿಲ್ಲ. ಕಲ್ಲಿದ್ದಲು ಅಥವಾ ಫರ್ನೇಸ್ ಎಣ್ಣೆಯ ಬಾಯ್ಲರ್ ಆದರೆ ಚಿಂತೆಯಿದೆ.

ತಯಾರಿಸುವವರಿಗೆ: ಮೂರು ದಾರಿ

ಒದ್ದೆ ಮಾಡಿ ಒಣಗಿಸುವ ದಾರಿ ಎಲ್ಲಕ್ಕಿಂತ ಅಗ್ಗ. 10 ಗ್ರಾಂ ಗ್ಯಾಮಾ ಅಲ್ಯೂಮಿನಾ ತೆಗೆದುಕೊಳ್ಳಿ. ಗ್ರಾಂಗೆ 0.6 ಮಿಲಿಲೀಟರ್ ರಂಧ್ರವಿದ್ದರೆ ಅದು ಹೀರುವುದು 6 ಮಿಲಿಲೀಟರ್. ಶೇ. 1 ಪ್ಲಾಟಿನಂಗೆ 0.268 ಗ್ರಾಂ ಕ್ಲೋರೊಪ್ಲಾಟಿನಿಕ್ ಆಮ್ಲದ ಹೆಕ್ಸಾಹೈಡ್ರೇಟನ್ನು ಆ 6 ಮಿಲಿಲೀಟರಿನಲ್ಲಿ ಕರಗಿಸಿ ಹನಿಹನಿಯಾಗಿ ಹಾಕುತ್ತ ಕಲಸಿ. ಪುಡಿ ತೇವವಾಗಬೇಕು, ಜೋಳದ ಹಿಟ್ಟಿನಂತೆ ನಾದುವಷ್ಟು ಮುದ್ದೆಯಾಗಬಾರದು. ಮುದ್ದೆಯಾದರೆ ನೀರು ಹೆಚ್ಚಾಗಿದೆ ಎಂದರ್ಥ. ಒಣಗುವಾಗ ಉಪ್ಪು ಹೊರಮೈಗೆ ಬಂದು ದೊಡ್ಡ ಕಣಗಳಾಗುತ್ತವೆ. 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ನಿಮಿಷಕ್ಕೆ 2 ಡಿಗ್ರಿಯಂತೆ 450ಕ್ಕೆ ಏರಿಸಿ. ಈ ಹೊತ್ತಿನಲ್ಲಿ ಗಾಳಿ ಹರಿಯುತ್ತಿರಲಿ. ಮುಚ್ಚಿದ ಕುಲುಮೆಯಲ್ಲಿ ತನ್ನದೇ ಆವಿಯಲ್ಲಿ ಬೆಂದ ಮಾದರಿಯ ಕಣಗಳು ದಪ್ಪವಾಗುತ್ತವೆ.

ಚಿನ್ನಕ್ಕೆ ಈ ದಾರಿ ಬೇಡವೇ ಬೇಡ. ಉಳಿದ ಕ್ಲೋರೈಡ್ ಚಿನ್ನದ ಕಣಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಅವಕ್ಷೇಪಿಸಿ ಕೂರಿಸುವುದೇ ಇದಕ್ಕೆ ಸರಿ. 200 ಮಿಲಿಲೀಟರ್ ಅಯಾನುರಹಿತ ನೀರಿನಲ್ಲಿ 40 ಮಿಲಿಗ್ರಾಂ ಕ್ಲೋರೊಆರಿಕ್ ಆಮ್ಲ, 70–80 ಡಿಗ್ರಿ, ತಿಳಿ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 9, ಆಮೇಲೆ 2 ಗ್ರಾಂ ಟೈಟಾನಿಯಾ. ಪಿಎಚ್ ಜಾರುತ್ತಿರುತ್ತದೆ. ಒಂದು ಗಂಟೆ ಪಕ್ಕದಲ್ಲೇ ನಿಂತು ಸರಿಪಡಿಸಬೇಕು. ಹೀಗೆ ಮಾಡಿದರೆ ಹಾಕಿದ ಚಿನ್ನವೆಲ್ಲ ಕೂರುವುದಿಲ್ಲ, ಒಂದಷ್ಟು ಸೋಸಿದ ನೀರಿಗೆ ಹೋಗುತ್ತದೆ, ಆದ್ದರಿಂದ ಲೆಕ್ಕದ ಶೇ. 1 ಅನ್ನು ನಂಬದೆ ಅಳೆಯಿರಿ. ಸೋಡಿಯಂ ಹೈಡ್ರಾಕ್ಸೈಡ್ ಬದಲು ಯೂರಿಯಾ ಹಾಕಿ 80 ಡಿಗ್ರಿಯಲ್ಲಿ ಹಲವು ಗಂಟೆ ಬಿಟ್ಟರೆ ಚಿನ್ನ ಪೂರ್ತಿ ಕೂರುತ್ತದೆ. ಬಿಸಿ ನೀರಿನಿಂದ ತೊಳೆಯುತ್ತಾ ಹೋಗಿ, ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದರೆ ಬಿಳಿ ಮಸುಕು ಕಾಣದಿರುವವರೆಗೂ. ನಲ್ಲಿಯ ನೀರು ಬೇಡ. ಕಲಬುರಗಿಯ ಸುಣ್ಣಕಲ್ಲಿನ ಗಡಸು ನೀರಿನಿಂದ ಕ್ಯಾಲ್ಸಿಯಂ ಬಂದು ಕೂರುತ್ತದೆ, ನಲ್ಲಿಯ ಕ್ಲೋರೈಡ್ ಬೇರೆ. ಕೊನೆಗೆ 300 ಡಿಗ್ರಿ, ನಾಲ್ಕು ಗಂಟೆ. 400 ದಾಟಬೇಡಿ. ತಯಾರಾದದ್ದನ್ನು ಕತ್ತಲಲ್ಲಿ, ತಂಪಿನಲ್ಲಿ ಇಡಿ. ಸಿಲಿಕಾ ಮೇಲೆ ಈ ವಿಧಾನ ಫಲಿಸುವುದಿಲ್ಲ. ಆ ಪಿಎಚ್‌ನಲ್ಲಿ ಸಿಲಿಕಾ ಗಟ್ಟಿಯಾಗಿ ಋಣ ವಿದ್ಯುದಂಶ ಹೊತ್ತಿರುತ್ತದೆ, ಅದೇ ಅಂಶದ ಚಿನ್ನದ ಅಯಾನನ್ನು ದೂರ ತಳ್ಳುತ್ತದೆ.

ಗಾತ್ರದ ಪರಿಣಾಮವನ್ನೇ ಅಧ್ಯಯನ ಮಾಡುವುದಾದರೆ ಮೂರನೆಯದು, ಕಣಗಳನ್ನು ಮೊದಲೇ ದ್ರಾವಣದಲ್ಲಿ ಬೆಳೆಸಿ ಆಮೇಲೆ ಆಧಾರಕ್ಕೆ ಕೂರಿಸುವುದು. ಎಲ್ಲ ಕಣ ಒಂದೇ ಅಳತೆ ಬರುತ್ತವೆ. ಬೆಲೆ ತೆರುವುದು ಕಣಗಳು ಅಂಟದಂತೆ ಸುತ್ತಿದ ಪಿವಿಪಿಯಂಥ ಪಾಲಿಮರ್ ಹೊದಿಕೆ ತೆಗೆಯುವಾಗ. ತೆಗೆಯದಿದ್ದರೆ ಅನಿಲ ಲೋಹಕ್ಕೆ ತಲುಪುವುದಿಲ್ಲ, ಸುಟ್ಟು ತೆಗೆದರೆ ಕಷ್ಟಪಟ್ಟು ಮಾಡಿದ ಗಾತ್ರ ಬದಲಾಗುತ್ತದೆ. ಸೋಡಿಯಂ ಬೊರೊಹೈಡ್ರೈಡ್ ಬಳಸುವುದಾದರೆ ದ್ರಾವಣವನ್ನು ಮಂಜುಗಡ್ಡೆಯಲ್ಲಿಟ್ಟು ಆಗಿಂದಾಗ್ಗೆ ಹೊಸದಾಗಿ ಮಾಡಿಕೊಳ್ಳಿ. ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆ 40 ಡಿಗ್ರಿ ಮುಟ್ಟಿದಾಗ ಅದು ನೀರಿನೊಂದಿಗೇ ಕ್ರಿಯಿಸಿ ಮುಗಿದುಹೋಗಿರುತ್ತದೆ. ಜನವರಿಯಲ್ಲಿ 3 ನ್ಯಾನೊಮೀಟರ್ ಬಂದ ವಿಧಾನ ಮೇನಲ್ಲಿ 7 ಕೊಟ್ಟರೆ ಮೊದಲ ಶಂಕೆ ಇದರ ಮೇಲಿರಲಿ.

ಅಳತೆಯಲ್ಲಿ ಮೋಸಹೋಗುವ ಜಾಗಗಳು

ಎಕ್ಸ್‌ಆರ್‌ಡಿ ಎಲ್ಲ ಕಾಲೇಜಿಗೂ ಎಟುಕುವ ಉಪಕರಣ, ಎಲ್ಲರೂ ತಪ್ಪುವುದೂ ಅಲ್ಲೇ. ಪ್ಲಾಟಿನಂನ ಶೃಂಗಗಳು 39.8, 46.2, 67.5 ಡಿಗ್ರಿಗಳಲ್ಲಿ, ಗ್ಯಾಮಾ ಅಲ್ಯೂಮಿನಾದ್ದು 39.5, 45.8, 67ರಲ್ಲಿ. ಒಂದರ ಮೇಲೊಂದು ಕೂತ ಈ ಶೃಂಗದ ಅಗಲವನ್ನು, ಅಗಲದಿಂದ ಕಣಗಾತ್ರ ಕೊಡುವ ಶೆರರ್ ಸೂತ್ರಕ್ಕೆ ಹಾಕಿ "5 ನ್ಯಾನೊಮೀಟರ್" ಎಂದು ಬರೆದರೆ ಅಳೆದದ್ದು ಅಲ್ಯೂಮಿನಾವನ್ನು. ಅದೇ ಅಲ್ಯೂಮಿನಾವನ್ನು ಲೋಹವಿಲ್ಲದೆ ಓಡಿಸಿ ಕಳೆಯಲೇಬೇಕು. 2 ನ್ಯಾನೊಮೀಟರಿನ ಶೃಂಗ 4 ಡಿಗ್ರಿಗಿಂತ ಅಗಲ, ಶೇ. 1 ಲೋಹದಲ್ಲಿ ಅದು ಕಾಣುವುದೇ ಇಲ್ಲ. ಕಂಡದ್ದು ಎಲ್ಲೋ ಇದ್ದ ನಾಲ್ಕು ದಪ್ಪ ಕಣಗಳು ಮಾತ್ರ. ಶೃಂಗ ಕಾಣಲಿಲ್ಲ ಎಂದರೆ ಕಣ ಸಣ್ಣದು ಎಂಬ ಸೂಚನೆ ಅಷ್ಟೇ, ಅದು ಅಳತೆಯಲ್ಲ.

ಕಾರ್ಬನ್ ಮಾನಾಕ್ಸೈಡ್ ಹೀರಿಸಿ ಎಣಿಸುವ ವಿಧಾನ ಅಲ್ಯೂಮಿನಾ ಮೇಲಿನ ಪ್ಲಾಟಿನಂಗೆ ಚೆನ್ನ. ಸೀರಿಯಾ ಇದ್ದರೆ ಸೀರಿಯಾವೇ ಅನಿಲ ಹೀರಿ ಲೆಕ್ಕ ಕೆಡಿಸುತ್ತದೆ. ಚಿನ್ನ ಹೀರುವುದೇ ಕಡಿಮೆ. ಚಿನ್ನಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಗತಿ. ಒಂದು ಚಂದದ ಚಿತ್ರದ ಇಪ್ಪತ್ತು ಕಣ ಎಣಿಸಿದರೆ ಸಾಲದು. ಬೇರೆ ಬೇರೆ ಜಾಗದ ಕನಿಷ್ಠ 200 ಬೇಕು. ಸರಾಸರಿ ತೆಗೆಯುವಾಗ ವ್ಯಾಸಗಳ ಘನಗಳ ಮೊತ್ತವನ್ನು ವರ್ಗಗಳ ಮೊತ್ತದಿಂದ ಭಾಗಿಸಿ. ಸುಮ್ಮನೆ ಕೂಡಿ ಭಾಗಿಸಿದ ಸರಾಸರಿ ದೊಡ್ಡ ಕಣಗಳು ನುಂಗಿದ ಲೋಹವನ್ನು ಮುಚ್ಚಿಡುತ್ತದೆ.

ಕ್ರಿಯೆಯ ಪರೀಕ್ಷೆಯಲ್ಲಿ ಪುಡಿಯನ್ನು 150–250 ಮೈಕ್ರಾನ್ ಜರಡಿ ಹಿಡಿದು ಅದೇ ಅಳತೆಯ ಸಿಲಿಕಾನ್ ಕಾರ್ಬೈಡ್ ಬೆರೆಸಿ, ಉಷ್ಣ ಹಂಚಿಹೋಗುತ್ತದೆ. ಕೊಳವೆಯ ಒಳವ್ಯಾಸ ಕಾಳಿನ ಹತ್ತು ಪಟ್ಟಾದರೂ ಇರಲಿ, ಇಲ್ಲವಾದರೆ ಅನಿಲ ಗೋಡೆಯ ಸಂದಿಯಲ್ಲಿ ಹೊರಟುಹೋಗುತ್ತದೆ. ಟರ್ನೋವರ್ ಲೆಕ್ಕಕ್ಕೆ ಪರಿವರ್ತನೆ ಶೇ. 10–15ರೊಳಗೆ ಇರಲಿ. ಶೇ. 95ರ ಎರಡು ಮಾದರಿಗಳನ್ನು ಹೋಲಿಸಿದರೆ ಇಬ್ಬರೂ ಶತಕ ಹೊಡೆದರು ಎಂದಂತೆ, ಯಾರು ಎಷ್ಟು ಚೆಂಡಿನಲ್ಲಿ ಹೊಡೆದರೋ ಗೊತ್ತಾಗುವುದಿಲ್ಲ.

ಕೊಳ್ಳುವಾಗ

ಡೀಸೆಲ್ ಜನರೇಟರಿಗೆ ಪ್ಲಾಟಿನಂ–ಪಲ್ಲಾಡಿಯಂ ಮಿಶ್ರಕಣ, ಹಳತಾದ ಮೇಲಿನ ಗಾತ್ರ 5–10 ನ್ಯಾನೊಮೀಟರ್ ಇದ್ದರೂ ಒಪ್ಪಿಕೊಳ್ಳಬಹುದು. ಸದಾ ಕಾಲುಭಾಗ ಲೋಡಿನಲ್ಲಿ ಓಡುವ ಜನರೇಟರ್ ಆದರೆ ಹೊಗೆ ಹೊತ್ತಿಕೊಳ್ಳುವ ಉಷ್ಣತೆಗೇ ಏರದೆ ಇಟ್ಟಿಗೆಯ ಬಾಯಿ ಮಸಿ ಕಟ್ಟುತ್ತದೆ, ಅಲ್ಲಿ ತೊಂದರೆ ಜನರೇಟರಿನ ಅಳತೆಯದು. ಕ್ಲೋರಿನ್ ಇಲ್ಲದ ದ್ರಾವಕದ ಆವಿಗೆ ಅಲ್ಯೂಮಿನಾ ಮೇಲಿನ ಪ್ಲಾಟಿನಂ, 3–6 ನ್ಯಾನೊಮೀಟರ್. ಕೋಣೆಯ ಉಷ್ಣತೆಯಲ್ಲೇ ಕಾರ್ಬನ್ ಮಾನಾಕ್ಸೈಡ್ ತೆಗೆಯಬೇಕಾದರೆ 3 ನ್ಯಾನೊಮೀಟರಿನ ಚಿನ್ನ. ಅದಕ್ಕಿಂತ ಅಗ್ಗದ್ದು ಮ್ಯಾಂಗನೀಸ್–ತಾಮ್ರದ ಆಕ್ಸೈಡ್, ಆದರೆ ಅದು ತೇವ ಕುಡಿದರೆ ಸಾಯುತ್ತದೆ, ಮುಂದೆ ಒಣಗಿಸುವ ಹಾಸಿಗೆ ಬೇಕು. ಚಿನ್ನಕ್ಕೆ ಅಲ್ಪ ತೇವ ಒಳ್ಳೆಯದೇ.

ಖರೀದಿ ಆದೇಶದಲ್ಲಿ "2 ನ್ಯಾನೊಮೀಟರ್" ಎಂದು ಬರೆಯಬೇಡಿ. ಹೀಗೆ ಬರೆಯಿರಿ: ಹಾಸಿಗೆಯ ಅತಿ ಹೆಚ್ಚಿನ ಉಷ್ಣತೆಗಿಂತ 50 ಡಿಗ್ರಿ ಮೇಲೆ, ಶೇ. 10 ನೀರಾವಿ ಇರುವ ಗಾಳಿಯಲ್ಲಿ 100 ಗಂಟೆ ಕಾಯಿಸಿದ ಮಾದರಿಯಲ್ಲಿ, ನಮ್ಮದೇ ಅನಿಲ ಮಿಶ್ರಣಕ್ಕೆ ಶೇ. 50 ಮತ್ತು ಶೇ. 90 ಪರಿವರ್ತನೆ ಸಿಗುವ ಉಷ್ಣತೆಗಳು ಇಷ್ಟು. ಥರ್ಮೋಕಪಲ್ ಒಳಬಾಗಿಲಲ್ಲಿ ಒಂದು, ಹಾಸಿಗೆಯ ನಡುವೆ ಒಂದು, ಹೊರಬಾಗಿಲಲ್ಲಿ ಒಂದು ಇರಲಿ. ಸರಕು ಬಂದ ದಿನ 200 ಗ್ರಾಂ ಹೊಸ ಮಾದರಿಯನ್ನು ಗಾಳಿಯಾಡದ ಬಾಟಲಿಯಲ್ಲಿ ಮುಚ್ಚಿ ದಿನಾಂಕ ಬರೆದಿಡಿ. ಆರು ತಿಂಗಳ ಮೇಲೆ ಹೊತ್ತಿಕೊಳ್ಳುವ ಉಷ್ಣತೆ 30 ಡಿಗ್ರಿ ಮೇಲೆ ಹೋಗಿದ್ದರೆ ಕಾರಣ ಕಣ ಬೆಳೆದದ್ದೋ, ವಿಷ ಕೂತದ್ದೋ ಎಂದು ಹೇಳಲು ಹೋಲಿಕೆಗೆ ಇರುವುದು ಆ ಬಾಟಲಿ ಮಾತ್ರ.